ಬೆನ್ನಿನ ಮೇಲಿನ ಹದಿನೇಳು

ಶಹಾಬಾದಿನ ತರುಣ ಸಂಘದವರು ಪ್ರತಿ ವರ್ಷ ಜನವರಿ ಇಪ್ಪತ್ತಾರಕ್ಕೆ ಮೂರು ಪಂದ್ಯ ಇಡುತ್ತಿದ್ದರು. ಕಾಗಿಣಾ ಹೊಳೆಯಲ್ಲಿ ಈಜು, ವಾಡಿ ರಸ್ತೆಯಲ್ಲಿ ಸೈಕಲ್ಲು, ಊರ ಸುತ್ತ ಓಟ. ಪಂದ್ಯ ಮುಗಿದ ಮೇಲೆ ಚಹಾದಂಗಡಿಯಲ್ಲಿ ಜಗಳ. ಈಜಿ ಗೆದ್ದವನು ಓಡಿ ಗೆದ್ದವನನ್ನು ಹೀಯಾಳಿಸುವನು, ಸೈಕಲ್ಲಿನವನು ಇಬ್ಬರನ್ನೂ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರು ಜನವರಿಯಲ್ಲಿ, ಅಂದರೆ ಎಪ್ಪತ್ನಾಲ್ಕರಲ್ಲಿ, ಸಂಘದ ಕಾರ್ಯದರ್ಶಿ ಚಂದ್ರಾಮ ಮಾಸ್ತರರಿಗೆ ಈ ಜಗಳ ಸಾಕೋ ಸಾಕಾಗಿತ್ತು.

"ಈ ಸಲ ಮೂರೂ ಒಬ್ಬನೇ ಮಾಡ್ಲಿ," ಎಂದರು. "ಮೊದಲ ಹೊಳಿ, ಆಮ್ಯಾಲ ಸೈಕಲ್, ಆಮ್ಯಾಲ ಓಟ. ನಡುವ ಕುಂದ್ರಂಗಿಲ್ಲ. ಯಾರು ಮೊದಲ ಬರ್ತಾರ ಅವರೇ ದೊಡ್ಡವರು. ಮುಗೀತು."

ಇಪ್ಪತ್ಮೂರು ಜನ ಹೆಸರು ಕೊಟ್ಟರು. ಅವರಲ್ಲಿ ಸಾಯಬಣ್ಣನೂ ಒಬ್ಬ.

ಸಾಯಬಣ್ಣ ಹೊಳೆ ದಂಡೆಯ ಮನೆತನದವನು. ಅವನ ಅಜ್ಜ, ಅಪ್ಪ ಹರಿಗೋಲು ಹಾಕಿ ಜನರನ್ನು ದಾಟಿಸಿದವರು. ಸೇತುವೆಯಾದ ಮೇಲೆ ಹರಿಗೋಲಿಗೆ ಕೆಲಸ ಉಳಿಯಲಿಲ್ಲ. ಸಾಯಬಣ್ಣ ಶಹಾಬಾದಿಗೆ ಬಂದು ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಒಂದು ಅಡ್ಡೆಯಲ್ಲಿ ಕೂಲಿಗೆ ನಿಂತ. ಮೂವತ್ತಾರು ವಯಸ್ಸು. ಹೆಂಡತಿ ಸುಂದರಬಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅಡ್ಡೆಯ ಹಿಂದೆ ಒಂದು ಖೋಲಿ, ಒಂದು ಒಲೆ, ಎರಡು ಕೊಡ. ಸಂಜೆ ಮೈಮೇಲಿನ ಕಲ್ಲಿನ ಧೂಳು ತೊಳೆದುಕೊಂಡು ಒಳಗೆ ಹೋದನೆಂದರೆ ಬೆಳಗಿನ ತನಕ ಅವನ ದನಿಯನ್ನು ಯಾರೂ ಕೇಳುತ್ತಿರಲಿಲ್ಲ. ಅಡ್ಡೆಯಲ್ಲಿ ಅವನ ಹೆಸರು ಗೊತ್ತಿದ್ದವರೂ ಕಡಿಮೆ. "ಆ ಹೆಂಡ್ತಿ ಸತ್ತಂವ" ಅಂದರೆ ಸಾಕಾಗುತ್ತಿತ್ತು.

ಪಂದ್ಯಕ್ಕೆ ಅವನ ಹೆಸರು ಬರೆಸಿದ್ದು ಜಹಾಂಗೀರ. ಅವನು ಅದೇ ಅಡ್ಡೆಯಲ್ಲಿ ಫರಸಿಗಳ ಅಂಚಿಗೆ ಕೆಂಪು ಬಣ್ಣದಲ್ಲಿ ನಂಬರು ಹಾಕುವವನು, ಮಾತುಗಾರ. "ಹೊಳ್ಯಾಗ ನಿನ್ನ ಹಿಡಿಯೋ ಗಂಡು ಈ ಊರಾಗ ಇಲ್ಲೋ," ಎಂದ.

"ನಂಗ ಸೈಕಲ್ ಬರಂಗಿಲ್ಲ," ಎಂದ ಸಾಯಬಣ್ಣ.

"ನಾ ಕಲಿಸ್ತೀನಿ. ನನ್ನ ಸೈಕಲ್ಲೇ ತಗೊಂಡು ಹೋಗು."

ಹದಿನೈದು ದಿನ ಸಂಜೆ ಜಹಾಂಗೀರ ಸೀಟು ಹಿಡಿದುಕೊಂಡು ಹಿಂದೆ ಹಿಂದೆ ಓಡಿದ. "ಬಿಟ್ಟೀಯೇನೋ?" ಎಂದು ಸಾಯಬಣ್ಣ ಕೂಗುವನು. "ಇಲ್ಲೋ, ಹಿಡಿದೀನಿ," ಎಂದು ಜಹಾಂಗೀರ ಎಲ್ಲೋ ದೂರದಿಂದ ಕೂಗುವನು. ಸಾಯಬಣ್ಣ ಬೀಳುವನು, ನಗುವನು. ಆ ಹದಿನೈದು ದಿನ ಅವನು ರಾತ್ರಿ ಊಟಕ್ಕೆ ತಡಮಾಡಿ ಕೂತ, ಬೆಳಗ್ಗೆ ಬೇಗ ಎದ್ದ. ಪಂದ್ಯ ಬಂದರೆ ಈ ಸಂಜೆಗಳು ಮುಗಿಯುತ್ತವೆ, ಅದು ಯಾಕಾದರೂ ಹತ್ತಿರ ಬರುತ್ತಿದೆಯೋ ಎಂದು ಒಮ್ಮೊಮ್ಮೆ ಅನ್ನಿಸಿದ್ದೂ ಉಂಟು.

ಪಂದ್ಯದ ದಿನ ಒಂದು ತೊಡಕು ಎದ್ದಿತು. ಬೇರೆ ವರ್ಷ ಓಟಗಾರರ ಅಂಗಿಗೆ ಕಾಗದದ ನಂಬರು ಚುಚ್ಚುತ್ತಿದ್ದರು. ಈ ಸಲ ಮೊದಲೇ ಹೊಳೆ; ಕಾಗದ ಉಳಿಯುವುದಿಲ್ಲ. ಮಸಿ ಹಚ್ಚಿ ನೋಡಿದರು, ಅದೂ ತೊಳೆದುಹೋಯಿತು. ಕೊನೆಗೆ ಜಹಾಂಗೀರ ಅಡ್ಡೆಯಿಂದ ಕಲ್ಲಿಗೆ ಹಚ್ಚುವ ಎಣ್ಣೆ ಬಣ್ಣದ ಡಬ್ಬಿ, ಕುಂಚ ತಂದ. ಎಲ್ಲರನ್ನೂ ಬರಿಮೈಯಲ್ಲಿ ದಂಡೆಗೆ ಸಾಲಾಗಿ ನಿಲ್ಲಿಸಿ ಎರಡೂ ತೋಳಿಗೆ ಸಣ್ಣದಾಗಿ, ಬೆನ್ನಿಗೆ ಗೇಣುದ್ದ ನಂಬರು ಬರೆದ. ಸಾಯಬಣ್ಣನದು ಹದಿನೇಳು. ಎರಡು ರೆಕ್ಕೆ ಮೂಳೆಗಳ ನಡುವೆ ತಣ್ಣನೆಯ ಕುಂಚ ಓಡಿದಾಗ ಅವನ ಮೈ ಜುಮ್ಮೆಂದಿತು. ಬೆನ್ನಿಗೆ ಇನ್ನೊಬ್ಬರ ಕೈ ತಾಗಿ ಎಷ್ಟೋ ದಿನವಾಗಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಚಂದ್ರಾಮ ಮಾಸ್ತರರು ಸೀಟಿ ಊದಿದರು. ಆ ದಂಡೆಗೆ ಹೋಗಿ ಈ ದಂಡೆಗೆ ಬರಬೇಕು. ಸಾಯಬಣ್ಣ ನೀರಿಗಿಳಿದವನು ತಲೆಯೆತ್ತಿ ನೋಡಲೇ ಇಲ್ಲ. ಅವನು ತಿರುಗಿ ಬಂದು ದಂಡೆ ಹತ್ತಿದಾಗ ಉಳಿದವರಲ್ಲಿ ಹೆಚ್ಚಿನವರು ಆಚೆ ದಂಡೆಯನ್ನೇ ಮುಟ್ಟಿರಲಿಲ್ಲ. ಮೇಲೆ ನಿಂತ ಜನಕ್ಕೆ ಅವನ ಹೆಸರು ಗೊತ್ತಿಲ್ಲ, ನಂಬರು ಕಾಣುತ್ತಿತ್ತು. "ಹದಿನೇಳೂ! ಹದಿನೇಳೂ!" ಎಂದು ಕೂಗಿದರು. ಸಾಯಬಣ್ಣ ಒಂದು ಗಳಿಗೆ ಗಲಿಬಿಲಿಗೊಂಡು ಹಿಂದೆ ತಿರುಗಿ ನೋಡಿದ. ಆಮೇಲೆ ತಿಳಿಯಿತು, ಕೂಗುತ್ತಿರುವುದು ತನ್ನನ್ನೇ.

ಸೈಕಲ್ಲಿನಲ್ಲಿ ಒಬ್ಬೊಬ್ಬರಾಗಿ ಅವನನ್ನು ಹಿಂದೆ ಹಾಕಿದರು. ವಾಡಿಯಾಚೆಯ ರಾವೂರ ಮುಟ್ಟಿ ತಿರುಗಿ ಬರಬೇಕಿತ್ತು. ವಾಡಿ ದಾಟುವಷ್ಟರಲ್ಲಿ ಅವನ ಹಿಂದೆ ಯಾರೂ ಇರಲಿಲ್ಲ. ರಾವೂರಿನಲ್ಲಿ ತಿರುಗಿ ಇಳಿಜಾರಿಗೆ ಬಂದಾಗ ಎದುರಿಗೆ ಎತ್ತಿನ ಬಂಡಿ ಬಂತು. ಸಾಯಬಣ್ಣನಿಗೆ ಬ್ರೇಕು ಹಿಡಿಯುವುದಕ್ಕಿಂತ ಹಾರುವುದು ಸುಲಭವೆನ್ನಿಸಿತು. ಅವನು ಒಂದು ಕಡೆ, ಸೈಕಲ್ಲು ಒಂದು ಕಡೆ. ಮೊಣಕಾಲು ತರಚಿತು. ಸೈಕಲ್ಲಿನ ಚೈನು ತುಂಡಾಯಿತು, ಮುಂದಿನ ಗಾಲಿ ಸೊಟ್ಟಗಾಯಿತು.

ಅಲ್ಲಿಂದ ಶಹಾಬಾದಿಗೆ ಅವನು ಸೈಕಲ್ಲು ತಳ್ಳಿಕೊಂಡು ನಡೆದ. ಫರಸಿ ತುಂಬಿದ ಲಾರಿಯೊಂದು ನಿಂತಿತು. "ಹತ್ತೋ, ಸೈಕಲ್ ಮ್ಯಾಲ ಹಾಕು," ಎಂದ ಡ್ರೈವರ.

"ಬ್ಯಾಡ್ರಿ."

"ಯಾಕೋ? ಪಂದ್ಯ ಇಷ್ಟೊತ್ತಿಗಿ ಮುಗಿದಿರ್ತದ."

"ಮೈಮ್ಯಾಲ ನಂಬರ್ ಅದ್ರಿ," ಎಂದ ಸಾಯಬಣ್ಣ. ಡ್ರೈವರ ನಕ್ಕು ಹೋದ.

ಸೇತುವೆ ದಾಟಿ ಸೈಕಲ್ಲನ್ನು ಸಂಘದವರು ಗುರುತು ಹಾಕಿದ್ದ ಜಾಗದಲ್ಲಿ ಒರಗಿಸಿ, ಕುಂಟುತ್ತಲೇ ಓಡಿ, ಊರು ಸುತ್ತಿ ಅವನು ಮೈದಾನಕ್ಕೆ ಬಂದಾಗ ಹೊತ್ತು ಮುಳುಗುವುದರಲ್ಲಿತ್ತು. ಭಾಷಣವಾಗಿತ್ತು, ಗೆದ್ದವನಿಗೆ ಕಪ್ಪು ಕೊಟ್ಟಾಗಿತ್ತು. ಶಾಮಿಯಾನ ಬಿಚ್ಚಿ ಮಡಚಿಟ್ಟಿದ್ದರು. ನಲ್ಲಿಯ ಹತ್ತಿರ ಸೀಮೆಎಣ್ಣೆಯ ವಾಸನೆ, ಕೆಂಪಾದ ಅರಿವೆ ತುಂಡುಗಳು ಬಿದ್ದಿದ್ದವು. ಪಂದ್ಯ ಮುಗಿಸಿದವರು ಅಲ್ಲೇ ಒಬ್ಬರ ಬೆನ್ನು ಒಬ್ಬರು ತಿಕ್ಕಿ, ನಂಬರು ತೆಗೆದು, ನಗುತ್ತ ಮನೆಗೆ ಹೋಗಿದ್ದರು.

ಒಂದು ಕುರ್ಚಿ ಮಾತ್ರ ಉಳಿದಿತ್ತು. ಅದರಲ್ಲಿ ಫಕೀರಸಾಬರು ಕೂತಿದ್ದರು. ವಾಡಿ ಜಂಕ್ಷನ್ನಿನಲ್ಲಿ ರೈಲುಗಳ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದವರು. ಅವರ ಗಡಿಯಾರ ತಪ್ಪುವುದಿಲ್ಲವೆಂದು ಸಂಘದವರು ಅವರಿಗೆ ಹೊತ್ತು ಬರೆಯುವ ಕೆಲಸ ಕೊಟ್ಟಿದ್ದರು.

"ಹದಿನೇಳು?" ಎಂದರು.

"ಹೌದ್ರಿ."

ಫಕೀರಸಾಬರು ಗಡಿಯಾರ ನೋಡಿ ವಹಿಯಲ್ಲಿ ಬರೆದುಕೊಂಡರು. "ಎಲ್ಲಾರೂ ನಡೀರಿ ಚಾಚಾ ಅಂದ್ರು. ಒಂದು ಗಾಡಿ ಇನ್ನೂ ಬರೋದದ, ನಾ ಸ್ಟೇಷನ್ ಬಿಟ್ಟು ಹ್ಯಾಂಗ ಹೋಗ್ಲಿ ಅಂದೆ." ಎದ್ದು ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡರು. "ಮೊಣಕಾಲಿಗಿ ಅರಿಶಿಣಾ ಹಚ್ಚು," ಎಂದು ಹೊರಟುಹೋದರು.

ಖೋಲಿಗೆ ಬಂದು ಸಾಯಬಣ್ಣ ದೀಪದ ಬುಡ್ಡಿಯಿಂದ ಸೀಮೆಎಣ್ಣೆ ತೆಗೆದು ತೋಳಿನ ನಂಬರು ಒರೆಸಿಕೊಂಡ. ಬೆನ್ನಿನದು ಒರೆಸಲು ಮೇಲಿನಿಂದ ಕೈ ಹಾಕಿದ, ಕೆಳಗಿನಿಂದ ಹಾಕಿದ, ಟವೆಲ್ಲನ್ನು ಎರಡೂ ಕಡೆ ಹಿಡಿದು ಎಳೆದ. ನಡುಬೆನ್ನಿಗೆ ಏನೂ ಮುಟ್ಟಲಿಲ್ಲ. ಸುಂದರಬಾಯಿ ಇದ್ದಾಗ ದಿನಾ ಸಂಜೆ ಬೆನ್ನು ತಿಕ್ಕುತ್ತಿದ್ದಳು. "ಕಲ್ಲೇ ಕೊಯ್ತೀಯೋ, ಕಲ್ಲೇ ಆಗೀಯೋ," ಎಂದು ಗೊಣಗುತ್ತಿದ್ದಳು. ಟವೆಲ್ಲನ್ನು ಮೂಲೆಗೆಸೆದು ಅವನು ಅಂಗಿ ತೊಟ್ಟು ಮಲಗಿದ.

ಐತವಾರ ಕಳೆದು ಸೋಮವಾರ ಅಡ್ಡೆಯಲ್ಲಿ ಬಿಸಿಲೇರಿ ಅಂಗಿ ತೆಗೆದಾಗ ಎಲ್ಲರೂ ನೋಡಿದರು. ಮೊದಲು ನಗು. "ಏ ಹದಿನೇಳು, ಇನ್ನೂ ಓಡ್ಲಿಕತ್ತೀಯೇನು?" ಆದರೆ ಎರಡೇ ದಿನದಲ್ಲಿ ಲಾರಿ ಡ್ರೈವರ ಹೇಳಿದ ಮಾತು ಚಹಾದಂಗಡಿ ಸುತ್ತಿ ಬಂತು: ಈತ ರಾವೂರಿನಿಂದ ನಡೆದು ಬಂದ, ಲಾರಿ ನಿಲ್ಲಿಸಿ ಕರೆದರೂ ಹತ್ತಲಿಲ್ಲ. ನಗು ಬೇರೆಯಾಯಿತು. ಯಾರೋ ಬೀಡಿ ಕೊಟ್ಟರು, ಯಾರೋ ಸರಿದು ಜಾಗ ಮಾಡಿಕೊಟ್ಟರು. "ಬಾ ಹದಿನೇಳು, ಕುಂದ್ರು." ಮುರಿದ ಸೈಕಲ್ಲಿಗಾಗಿ ಜಹಾಂಗೀರ ಬೈಯಲಿಲ್ಲ. ಮೂರನೆಯ ದಿನ ಅರಿವೆ, ಸೀಮೆಎಣ್ಣೆ ಹಿಡಿದುಕೊಂಡು ತಾನೇ ಬಂದ.

"ತಿರುಗೋ, ಒರೆಸ್ತೀನಿ. ಆ ಗದ್ಲದಾಗ ನಿನ್ನ ಮರ್ತೇಬಿಟ್ಟಿದ್ದೆ."

"ಇರ್ಲಿ ಬಿಡು," ಎಂದ ಸಾಯಬಣ್ಣ.

"ಏನು ಇರ್ಲಿ? ಇದು ಕಲ್ಲಿನ ಬಣ್ಣ ಹುಚ್ಚಾ."

"ಇರ್ಲಿ ಅಂದ್ನಲ್ಲ."

ಜಹಾಂಗೀರ ಅವನ ಮುಖ ನೋಡಿ ಅರಿವೆ ಮಡಚಿಕೊಂಡ. ಮರುದಿನವೇ ತಂಗಿಯ ಮದುವೆಗೆಂದು ಹದಿನೈದು ದಿನ ಚಿಂಚೋಳಿಗೆ ಹೋದ.

ವಾರ ಕಳೆಯುವಷ್ಟರಲ್ಲಿ ಊರಿಗೆ ಪಂದ್ಯ ಮರೆತುಹೋಯಿತು. ಬೀಡಿ ಕೊಡುವವರು ಅವರವರ ಮಾತಿಗೆ ಮರಳಿದರು. ಅವರ ತಪ್ಪೇನೂ ಇರಲಿಲ್ಲ. ಒಂದೇ ಮಾತನ್ನು ಎಷ್ಟು ದಿನ ಆಡಿಯಾರು? ಸಾಯಬಣ್ಣ ಮಾತ್ರ ಬಿಸಿಲಿಲ್ಲದಾಗಲೂ ಅಂಗಿ ತೆಗೆಯುತ್ತಿದ್ದ. ಎರಡು ದಿನ ಹಾಗೆ ಮಾಡಿ, ಯಾರೂ ತಲೆಯೆತ್ತದ್ದನ್ನು ಕಂಡು ನಾಚಿಕೆಯಾಗಿ ಮತ್ತೆ ತೊಟ್ಟುಕೊಂಡ.

ಬಣ್ಣ ಬಿರುಕು ಬಿಡತೊಡಗಿತ್ತು. ಬೆವರು, ಧೂಳು ಸೇರಿ ಅದರ ಅಂಚಿನಲ್ಲಿ ಚರ್ಮ ಕೆಂಪಾಯಿತು, ತುರಿಕೆ ಎದ್ದಿತು. ಖೋಲಿಯ ಗೋಡೆಗೆ ಬೆನ್ನು ತಿಕ್ಕಿ ತಿಕ್ಕಿ ಅಂಗಿಗೆ ರಕ್ತ ಅಂಟಿತು. ಪಕ್ಕದ ಮನೆಯ ಮಾಶಾಬಿ ಕೌದಿ ಹೊಲಿಯುವ ಮುದುಕಿ. ಹಿತ್ತಲಲ್ಲಿ ಒಣಹಾಕಿದ ಅಂಗಿ ನೋಡಿ ಗಿಡ್ಡ ಗೋಡೆಯ ಆಚೆಯಿಂದಲೇ ಕೇಳಿದಳು.

"ಏನಾಗ್ಯಾದೋ ಬೆನ್ನಿಗಿ?"

ಅವನು ಹೇಳಿದ. ತಿರುಗಿ ತೋರಿಸಿದ.

"ಯಾ ಅಲ್ಲಾ. ಇಟ್ಕೊಂಡು ಕುಂತೀಯಲ್ಲೋ! ನಾ ಹೆಣ್ಮಗಳು, ನಿನ್ನ ಮೈಗಿ ಕೈ ಹಚ್ಚಲಿಕ್ಕ ಬರಂಗಿಲ್ಲ. ನಿನ್ನೋರಂತ ಯಾರೂ ಇಲ್ಲೇನು?"

"ಇಲ್ರಿ ಖಾಲಾ."

"ಒಬ್ರೂ?"

ಸಾಯಬಣ್ಣ ಒಣಹಾಕಿದ ಅಂಗಿಯನ್ನು ಸರಿಮಾಡಿದ. "ತೆಂಗಳ್ಯಾಗ ಅತ್ತಿ ಇದ್ದಾಳ್ರಿ."

"ಮತ್ತ ಹೋಗು. ನಾಳೆ ಐತವಾರ ಅದ, ರಜಾ."

ಹೋಗುವುದು ಅಷ್ಟು ಸುಲಭವಿರಲಿಲ್ಲ. ತೆಂಗಳಿಯ ಭೀಮಮ್ಮ ಅವನ ಅಪ್ಪನ ತಂಗಿ, ಸುಂದರಬಾಯಿಯ ತಾಯಿ. ಅವ್ವ ಸತ್ತ ಮೇಲೆ ಸಾಯಬಣ್ಣನನ್ನು ಎಂಟು ವರ್ಷ ಸಾಕಿದವಳು, ಮೈ ತೊಳೆದವಳು, ಆಮೇಲೆ ಮಗಳನ್ನು ಕೊಟ್ಟವಳು. ಮೂರು ವರ್ಷದ ಹಿಂದೆ ಸುಂದರಬಾಯಿಗೆ ಜ್ವರ ಬಂದಾಗ "ನನ್ನ ತೆಂಗಳಿಗಿ ಕರ್ಕೊಂಡು ಹೋಗು" ಎಂದಿದ್ದಳು. ಐತವಾರ ಹೋಗೋಣ ಎಂದು ಇವನು ಕೆಲಸಕ್ಕೆ ಹೋದ. ಶನಿವಾರ ಅವಳು ತೀರಿಕೊಂಡಳು. ಸುದ್ದಿ ತಿಳಿದು ಭೀಮಮ್ಮ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅವಳು ಖೋಲಿಯ ಬಾಗಿಲಲ್ಲೇ ನಿಂತು, "ನನ್ನ ಮಗಳ ಮಾರಿ ಒಂದ್ಸಲ ತೋರಸ್ಲಿಲ್ಲಲ್ಲೋ," ಎಂದು, ಒಳಗೆ ಬರದೆ ತಿರುಗಿ ಹೋಗಿದ್ದಳು. ಅಂದಿನಿಂದ ಸಾಯಬಣ್ಣ ತೆಂಗಳಿಯ ದಾರಿ ಹಿಡಿದಿರಲಿಲ್ಲ.

ಚಿತ್ತಾಪುರದಲ್ಲಿ ಬಸ್ಸು ಬದಲಿಸಿ ಅವನು ತೆಂಗಳಿಯಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಜೋಳದ ರಾಶಿಯ ಕಾಲ. ಊರಿನ ಜನವೆಲ್ಲ ಹೊಲದಲ್ಲಿದ್ದರು. ಭೀಮಮ್ಮ ಮೈದುನನ ಮನೆಯಲ್ಲಿದ್ದಳು. ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಬೆರಳಿನಿಂದ ಬೇಳೆಯನ್ನು ಸವರಿ ಸವರಿ ಹರಳು ಹುಡುಕುತ್ತಿದ್ದಳು. ಮುಖ ಮಾತ್ರ ಬೇರೆ ಕಡೆಗಿತ್ತು.

"ಯಾರು ನಿಂತೀರಿ?" ಎಂದಳು.

"ನಾ ಅತ್ತಿ. ಸಾಯಬಣ್ಣ."

ಬೆರಳು ನಿಂತವು. "ಸಾಯಬಾ," ಎಂದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಅವಳ ಎರಡೂ ಕಣ್ಣಲ್ಲಿ ಬೆಳ್ಳಗೆ ಪೊರೆ ಬಂದಿತ್ತು. "ಕಣ್ಣು ಯಾವಾಗಿಂದ ಹಿಂಗ?" ಎಂದ.

"ಎರಡು ದೀಪಾವಳಿ ಆತು."

"ನಂಗ ಯಾರೂ ಹೇಳ್ಲೇ ಇಲ್ಲ."

"ನೀ ಯಾರನ್ನ ಕೇಳ್ದಿ?"

ಅವನು ಕೆಳಗೆ ಕೂತ. ಪಂದ್ಯದ ವಿಷಯ ಹೇಳಿದ, ಬಣ್ಣದ ವಿಷಯ ಹೇಳಿದ. ಇಷ್ಟು ದೂರ ಇದಕ್ಕೇ ಬಂದೆನೆಂದು ಹೇಳಲು ಅವನಿಗೇ ನಗೆಗೇಡೆನ್ನಿಸಿತು. ಭೀಮಮ್ಮ ಕೈ ಚಾಚಿದಳು. "ಅಂಗಿ ತಗಿ. ಹತ್ರ ಬಾ."

ಒರಟಾದ ಬೆರಳುಗಳು ಬಣ್ಣದ ಅಂಚನ್ನು ಹಿಡಿದು ಮೇಲಿನಿಂದ ಕೆಳಗೆ ಹೋದವು. "ಇಷ್ಟುದ್ದ ಏನು ಬರ್ದಾನೋ?"

"ಹದಿನೇಳು."

"ಎಷ್ಟು ಮಂದಿ ಇದ್ರಿ?"

"ಇಪ್ಪತ್ಮೂರು."

"ನೀ ಎಷ್ಟನೇದಂವ ಬಂದಿ?"

"ಇಪ್ಪತ್ಮೂರನೇದಂವ."

ಭೀಮಮ್ಮನ ತುಟಿ ಅಲುಗಿತು. ನಗು ಅಲ್ಲಿಗೆ ಬಂದು ನಿಂತಂತಿತ್ತು. ಸೀಮೆಎಣ್ಣೆ ಬೇಡ, ಹುಣ್ಣಾದ ಚರ್ಮ ಸುಡುತ್ತದೆ ಎಂದಳು. ಅವನಿಂದಲೇ ಒಲೆ ಹೊತ್ತಿಸಿ, ಕುಸುಬೆ ಎಣ್ಣೆ ಬೆಚ್ಚಗೆ ಮಾಡಿಸಿ, ಹಳೆಯ ಸೀರೆಯ ತುಂಡನ್ನು ಅದರಲ್ಲಿ ತೋಯಿಸಿ ಬೆನ್ನಿಗೆ ಹೊದಿಸಿದಳು. ನೆನೆದ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಬಿಡಿಸತೊಡಗಿದಳು. ಚಿಕ್ಕಂದಿನಲ್ಲಿ ತೊಳೆದ ಬೆನ್ನು; ಕೈಗೆ ಕಣ್ಣು ಬೇಕಾಗಲಿಲ್ಲ.

ಅವಳ ಕಡೆ ಬೆನ್ನು ಮಾಡಿ ಕೂತದ್ದರಿಂದಲೋ ಏನೋ, ಸಾಯಬಣ್ಣನಿಗೆ ಬಾಯಿ ಬಂತು. "ಅತ್ತಿ, ಸುಂದ್ರಿ ತೆಂಗಳಿಗಿ ಕರ್ಕೊಂಡು ಹೋಗು ಅಂದಿದ್ಲು. ನಾ ಐತವಾರ ಅಂದೆ."

ಹೆಬ್ಬೆರಳು ನಿಲ್ಲಲಿಲ್ಲ.

"ನಾ ಸಾದಾ ಜ್ವರಾ ತಿಳ್ಕೊಂಡೆ. ಶನಿವಾರ ಮುಂಜಾನಿ ಗಂಜಿ ಕುಡಿದಿದ್ಲು. ಮಧ್ಯಾಹ್ನ ಕರಿಲಿಕ್ಕ ಬಂದ್ರು. ನಾ ಓಡಿ ಹೋಗೋದ್ರಾಗ..."

"ಸಾಯಬಾ," ಎಂದಳು ಭೀಮಮ್ಮ. "ಅಕಿ ಮಂಗಳವಾರನೇ ನಂಗ ಹೇಳಿ ಕಳ್ಸಿದ್ಲು."

ಅವನು ತಿರುಗಲು ಹೋದ. ಅವಳು ಭುಜ ಹಿಡಿದು ಹಾಗೇ ಕೂರಿಸಿದಳು.

"ಫರಸಿ ಲಾರಿಯವನ ಕೈಲಿ. ಅವ್ವಗ ಬಾ ಅನ್ರಿ, ಮೈ ಬರೋಬರ ಇಲ್ಲ ಅಂತ. ಇದೇ ಜ್ವಾಳದ ರಾಶಿ ನಡೆದಿತ್ತು. ತೌರಿನ ನೆನಪಾಗಿ ಹಂಗ ಅಂದಾಳು, ರಾಶಿ ಮುಗಿಸಿ ಹೋಗಾಮ ಅಂದೆ. ನಿಂಗ ಅಕಿ ಹೇಳಿಲ್ಲ, ಬೈತಿ ಅಂತ." ಅರಿವೆಯನ್ನು ಮತ್ತೆ ಎಣ್ಣೆಗೆ ಅದ್ದುತ್ತ ಹೇಳಿದಳು, "ನಿನ್ನ ಬಾಗಲದಾಗ ನಿಂತು ಬೈದೆನಲ್ಲ, ಅದು ನಿನ್ನ ಬೈದಿದ್ದಲ್ಲೋ."

ಹೊರಗೆ ಕೋಳಿಯೊಂದು ಚೆಲ್ಲಿದ ಬೇಳೆ ಹೆಕ್ಕುತ್ತಿತ್ತು. ಸಾಯಬಣ್ಣ ಮೊಣಕಾಲ ನಡುವೆ ತಲೆ ಇಟ್ಟ. ಅವನ ಬೆನ್ನು ನಡುಗಿದ್ದು ಅವಳ ಕೈಗೆ ತಿಳಿಯಿತು. ಅವಳು ಬಣ್ಣ ಬಿಡಿಸುವುದನ್ನು ಬಿಟ್ಟು ಅಂಗೈಯನ್ನು ಹಾಗೇ ಇಟ್ಟುಕೊಂಡು ಕೂತಳು. ಸತ್ತವಳಿಗೆ ಈ ಮಾತಿನಿಂದ ಏನೂ ಆಗುವಂತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಉಳಿದ ಬಣ್ಣವನ್ನೂ ಬಿಡಿಸಿ ಕೊನೆಗೆ ಭೀಮಮ್ಮ ಕೇಳಿದಳು. "ಹೋತೇನು ನೋಡು."

"ನಂಗ ಹ್ಯಾಂಗ ಕಾಣಸ್ತದ ಅತ್ತಿ?"

"ನಂಗೂ ಕಾಣಸಂಗಿಲ್ಲಲ್ಲೋ."

ಸಂಜೆ ಹೊಲದಿಂದ ಬಂದ ನೆಗೆಣ್ಣಿ, ಮೈದುನನ ಹೆಂಡತಿ ಅಂಬುಬಾಯಿಯನ್ನು ಕರೆದು ತೋರಿಸಿದರು. ಅವಳು ಸೆರಗು ಬಾಯಿಗಿಟ್ಟುಕೊಂಡು ದೂರದಿಂದಲೇ ನೋಡಿ, "ಬಣ್ಣ ಹೋಗ್ಯಾದ. ಆದ್ರ ಅಷ್ಟೇ ಜಾಗ ಬೆಳ್ಳಗ ಕಾಣಸ್ತದ. ಬಿಸಿಲು ಬಿದ್ರ ಹೋಗ್ತದ," ಎಂದಳು.

ಸಾಯಬಣ್ಣ ಹೊರಡಲು ಎದ್ದಾಗ ಭೀಮಮ್ಮ ಅಂದಳು, "ಅಕಿ ಮಣ್ಣಿಗಿ ನನ್ನ ಒಂದ್ಸಲ ಕರ್ಕೊಂಡು ಹೋಗು."

ರಾಶಿ ಮುಗಿದ ಮೇಲೆ, ಮಾರ್ಚಿನ ಮೊದಲ ಐತವಾರ, ಹಿಂದಿನ ರಾತ್ರಿಯೇ ತೆಂಗಳಿಗೆ ಹೋಗಿದ್ದ ಅವನು ಬೆಳಗಿನ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಬಂದ. ಬಸ್ಸಿನಲ್ಲಿ ಅವಳು ಅವನ ಮುಂಗೈ ಹಿಡಿದುಕೊಂಡೇ ಕೂತಿದ್ದಳು. ಊರಿನ ಸದ್ದು, ಫರಸಿ ಲಾರಿಗಳ ಸದ್ದು ಕೇಳಿ, "ಇದೇ ಏನು?" ಎಂದಳು. ಹೊಳೆ ದಂಡೆಯ ದಿಬ್ಬದ ಮೇಲೆ ಸುಂದರಬಾಯಿಯನ್ನು ಮಣ್ಣು ಮಾಡಿದ್ದ ಜಾಗ. ಅದರ ಮೇಲೆ ಸಾಯಬಣ್ಣ ತಾನೇ ಕೊಯ್ದು ಉಜ್ಜಿದ ಒಂದು ಫರಸಿ ಹಾಸಿದ್ದ. ಬಿಸಿಲು ಇನ್ನೂ ಏರಿರಲಿಲ್ಲ. ಭೀಮಮ್ಮ ಕೂತು ಎರಡೂ ಅಂಗೈಯಿಂದ ಕಲ್ಲನ್ನು ತಲೆಯ ಕಡೆಯಿಂದ ಕಾಲಿನ ಕಡೆಗೆ ಸವರಿದಳು.

"ನೀ ಮಾಡಿದ್ದೇನು?"

"ಹೌದತ್ತಿ."

"ನುಣ್ಣಗದ," ಎಂದಳು. "ತಂಪದ."

ತಂದಿದ್ದ ಬುತ್ತಿ ಬಿಚ್ಚಿ ಅವಳು ಮೊದಲು ಒಂದು ತುಂಡು ರೊಟ್ಟಿ, ಶೇಂಗಾ ಚಟ್ನಿ ಕಲ್ಲಿನ ಮೇಲಿಟ್ಟಳು. ಆಮೇಲೆ ಇಬ್ಬರೂ ಅಲ್ಲೇ ಕೂತು ಉಂಡರು. ಅವಳು ಮಗಳ ಚಿಕ್ಕಂದಿನ ಒಂದೆರಡು ಮಾತು ಹೇಳಿದಳು. ಸಾಯಬಣ್ಣನಿಗೂ ಗೊತ್ತಿದ್ದವೇ, ಆದರೂ ಕೇಳಿಸಿಕೊಂಡ. ಖೋಲಿಗೆ ಬಂದು ರಾತ್ರಿ ಇರು ಎಂದ. "ಇಲ್ಲೋ, ಆ ಬಾಗಲು ನಂಗ ಇನ್ನ ಆಗಂಗಿಲ್ಲ," ಎಂದಳು.

ಹಗಲಿನ ಬಸ್ಸಿಗೇ ಅವಳನ್ನು ಹತ್ತಿಸಿ ಚಿತ್ತಾಪುರದ ತನಕ ತಾನೂ ಹೋದ. ತೆಂಗಳಿಯಿಂದ ಮೈದುನ ಬಂದು ನಿಂತಿದ್ದ. ಭೀಮಮ್ಮ ಅವನ ಕೈ ಹಿಡಿದು ಮುಂದಿನ ಬಸ್ಸು ಹತ್ತಿದಳು. ಸಾಯಬಣ್ಣ ಕಿಟಕಿಯ ಹತ್ತಿರ ನಿಂತು, "ಮುಂದಿನ ತಿಂಗಳ ಬರ್ತೀನಿ ಅತ್ತಿ," ಎಂದ. ಅವಳು ದನಿ ಬಂದ ಕಡೆಗೆ ತಲೆಯಾಡಿಸಿದಳು. ಬಸ್ಸು ಹೊರಟಿತು. ಅವನು ಶಹಾಬಾದಿನ ಬಸ್ಸಿಗೆ ಕಾಯುತ್ತ ನಿಲ್ದಾಣದ ಕಟ್ಟೆಯ ಮೇಲೆ ಕೂತ. ಪಕ್ಕದಲ್ಲಿ ಕೂತಿದ್ದ ಯಾರೋ ಒಬ್ಬರು ಹೊತ್ತು ಎಷ್ಟೆಂದು ಕೇಳಿದರು. ತನ್ನ ಹತ್ತಿರ ಗಡಿಯಾರವಿಲ್ಲವೆಂದ. ಆಮೇಲೆ, ಅಷ್ಟಕ್ಕೇ ಸುಮ್ಮನಾಗದೆ, "ಯಾವೂರಾಯ್ತ್ರಿ ನಿಮ್ದು?" ಎಂದು ಕೇಳಿದ.